ಪ್ರಮಾದವೂ ಹಿಂಸೆಯೂ

ರಬಕವಿ-ಬನಹಟ್ಟಿಯ ಯಾವ ಓಣಿಯನ್ನು ಹೊಕ್ಕರೂ ಕಿವಿಗೆ ಬೀಳುವುದು ಪವರ್‌ಲೂಮ್ ಮಗ್ಗಗಳ ಸದ್ದು. ಆ ಸದ್ದಿಗೆ ಆಧಾರವಾದ ಶಕ್ತಿಯಾದರೋ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಮುಟ್ಟಿದವನಿಗೆ ಮಾತ್ರ ತನ್ನ ಇರವನ್ನು ತೋರುವುದು. ಇಂತಹ ಶಕ್ತಿಯ ಆಘಾತದಿಂದ ಒಬ್ಬನು ಸತ್ತನೆಂದರೆ, ಜಮಖಂಡಿಯಲ್ಲಾಗಲಿ ಬೀಳಗಿಯಲ್ಲಾಗಲಿ, ನೆರೆದವರ ಬಾಯಿಂದ ಮೊದಲು ಹೊರಡುವ ಮಾತು, "ಅವನ ಹಣೇಬರಾ ಅಷ್ಟ ಇತ್ತು, ಯಾರೇನ್ ಮಾಡ್ತಾರ" ಎಂಬುದು. ಶೋಕಸಂತಪ್ತರಾದ ಮನೆಮಂದಿಗೆ ಅದು ಸಾಂತ್ವನವಾಗಬಹುದು, ನಾನದನ್ನು ಹಳಿಯಲಾರೆ. ಆದರೆ ಸತ್ತವನ ಕೈಗೆ ಆ ತಂತಿಯನ್ನು ಕೊಟ್ಟವನೂ ಅದೇ ಮಾತನ್ನಾಡಿ ಕೈತೊಳೆದುಕೊಳ್ಳುವಾಗ, ವಿಧಿಯೆಂಬುದು ಎಲ್ಲಿ ಮುಗಿದು ಮನುಷ್ಯನ ಹೊಣೆಯೆಂಬುದು ಎಲ್ಲಿ ಮೊದಲಾಗುತ್ತದೆಂದು ಕೇಳದೆ ಗತ್ಯಂತರವಿಲ್ಲ.

ಆ ತಂತಿಯನ್ನೇ ತುಸು ಹತ್ತಿರದಿಂದ ನೋಡಬೇಕು. ಗೋಡೆಯ ಸಾಕೆಟ್ಟಿಗೆ ಪ್ಲಗ್ಗಿಲ್ಲ. ವೈರಿನ ತುದಿಗಳನ್ನು ಹಲ್ಲಿನಿಂದ ಸುಲಿದು, ತೂತುಗಳಲ್ಲಿ ತುರುಕಿ, ಜಾರದಿರಲೆಂದು ಬೆಂಕಿಕಡ್ಡಿ ಚುಚ್ಚಿರುತ್ತಾರೆ. ಅಲ್ಲಿಂದ ಹೊರಟ ವೈರು ನಡುವೆ ಗಂಟಾಗಿ, ಟೇಪು ಸುತ್ತಿಸಿಕೊಂಡು, ಹೆಚ್ಚಾದ ಉದ್ದವನ್ನು ಸುರುಳಿಯಾಗಿಯೇ ಉಳಿಸಿಕೊಂಡು ಗ್ರೈಂಡರನ್ನು ಮುಟ್ಟುತ್ತದೆ. ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುತ್ತದೆ. ಸುರುಳಿಯೊಳಗಿನ ಶಾಖಕ್ಕೆ ಹೊರಹೋಗಲು ಸುಲಭವಾದ ದಾರಿಯೂ ಇಲ್ಲ. ಡ್ರಿಲ್ಲಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಚಾರ್ಜರನ್ನು ನೂಲಿನ ಕಸದ ಗುಡ್ಡೆಯ ಮೇಲಿಟ್ಟು ಮಲಗುವವರಿಗೂ ಕೊರತೆಯಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿನ ಪಿನ್ನನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದು, ಅಪಾಯ ಬರುವುದಕ್ಕಿಂತ ಮೊದಲು ರಕ್ಷಣೆ ಕೂಡಿಕೊಳ್ಳಲಿ, ಅಪಾಯ ಕಳಚಿದ ಮೇಲೆಯೇ ರಕ್ಷಣೆ ಕಳಚಲಿ ಎಂಬ ಮುಂದಾಲೋಚನೆಯಿಂದ; ಅದನ್ನೇ ನಮ್ಮವರು ಎರಡು ತೂತಿನ ಬೋರ್ಡಿಗೆ ಹೊಂದುವುದಿಲ್ಲವೆಂದು ಮುರಿದೆಸೆಯುತ್ತಾರೆ. (ಖಂಡೇಪೂಜೆಯ ದಿನ ಇದೇ ಗ್ರೈಂಡರಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಕಾಯಿ ಒಡೆಯುತ್ತಾರೆಂಬುದನ್ನೂ ಹೇಳಬೇಕು.)

ವಿಧಿ ಎಲ್ಲಿ ಮುಗಿದು ಹೊಣೆ ಎಲ್ಲಿ ಮೊದಲಾಗುತ್ತದೆಂಬ ಪ್ರಶ್ನೆಗೆ ಉತ್ತರವನ್ನು ದೂರ ಅರಸಬೇಕಾಗಿಲ್ಲ; ಅದು ಈ ಸೀಮೆಯ ಜೈನಧರ್ಮದಲ್ಲಿಯೇ ಇದೆ. ಮುಧೋಳದವರು ತಮ್ಮ ರನ್ನನನ್ನು ಗದಾಯುದ್ಧದ ಕವಿಯೆಂದು ಕೊಂಡಾಡುವರೇ ಹೊರತು, ಬಳೆಗಾರರ ಕುಲದಲ್ಲಿ ಹುಟ್ಟಿದ ಆತನು 993ರಲ್ಲಿ ಅಜಿತಪುರಾಣವನ್ನು ರಚಿಸಿದ ಜೈನಕವಿಯೆಂಬುದನ್ನು ಅಷ್ಟಾಗಿ ನೆನೆಯರು. ರಬಕವಿಗೆ ಸಮೀಪದ ತೇರದಾಳದಲ್ಲಿ 12ನೆಯ ಶತಮಾನದ ನೇಮಿನಾಥ ಬಸದಿ ಇಂದಿಗೂ ನಿಂತಿದೆ. ಆ ಧರ್ಮದ ತತ್ತ್ವಾರ್ಥಸೂತ್ರವು ಹಿಂಸೆಗೆ ಲಕ್ಷಣ ಹೇಳುವಾಗ, ಪ್ರಾಣಹಾನಿಯನ್ನಷ್ಟೇ ಹೇಳಿ ತೃಪ್ತವಾಗದೆ, ಅದರ ಮೂಲದಲ್ಲಿ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ನಿಲ್ಲಿಸುತ್ತದೆ. ನೆಲವನ್ನು ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಕ್ರಿಮಿಯೊಂದು ಅಕಸ್ಮಾತ್ತಾಗಿ ಬಂದು ಸತ್ತರೆ ಅವನಿಗೆ ಹಿಂಸಾದೋಷವಿಲ್ಲ. ನೋಡದೆ ನಡೆದವನ ಕಾಲಡಿಯಲ್ಲಿ ಒಂದೂ ಸಾಯದಿದ್ದರೂ ಅವನು ಹಿಂಸಕನೇ. ಮುನಿಗಳಿಗೆ ವಿಧಿಸಿದ, ಸಮಿತಿಗಳೆಂಬ ಐದು ಎಚ್ಚರದ ನಿಯಮಗಳಲ್ಲಿ ಆದಾನನಿಕ್ಷೇಪಣವೆಂಬುದೊಂದುಂಟು: ವಸ್ತುವನ್ನು ಎತ್ತಿಕೊಳ್ಳುವಾಗಲೂ ಕೆಳಗಿಡುವಾಗಲೂ ಕಣ್ಣಿಟ್ಟು ನೋಡತಕ್ಕದ್ದು. ಕಮಂಡಲುವಿಗೂ ಪಿಂಛಿಗೂ ಹೇಳಿದ ನಿಯಮವನ್ನು ಗ್ರೈಂಡರಿಗೆ ಅನ್ವಯಿಸುವುದು ಅತಿಯಾಯಿತೆಂದು ಪಂಡಿತರು ನಗಬಹುದು. ಕಮಂಡಲುವಿನಲ್ಲಿ 230 ವೋಲ್ಟ್ ಇರಲಿಲ್ಲವೆಂಬುದಷ್ಟೇ ನನ್ನ ಸಮಾಧಾನ.

ಹೀಗಾದರೆ, ಗಂಟುಬಿದ್ದ ಆ ವೈರು ಇನ್ನೂ ಯಾರನ್ನೂ ಕೊಲ್ಲದಿರುವಾಗಲೇ ಹಿಂಸೆ ನಡೆದುಹೋಗಿದೆ. ಅದು ಯಾರದು? ಜೈನಶಾಸ್ತ್ರವು ಕೃತ, ಕಾರಿತ, ಅನುಮೋದಿತವೆಂದು ಹೊಣೆಯನ್ನು ಮೂರು ಪಾಲು ಮಾಡುತ್ತದೆ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಒಪ್ಪಿದ್ದು. ಟೇಪು ಸುತ್ತಿದ ಕೂಲಿಯ ಹುಡುಗನು ಮೊದಲನೆಯವನು. ಹೊಸ ವೈರು ಕೇಳಿದಾಗ "ಈ ಸೀಸನ್ ಮುಗೀಲಿ, ತಡಿ" ಎಂದ ಯಜಮಾನನು ಎರಡನೆಯವನು. ದಿನವೂ ಅದನ್ನು ದಾಟಿ ನಡೆಯುತ್ತ, ತಮಗೇಕೆ ಉಸಾಬರಿಯೆಂದು ಸುಮ್ಮನಿರುವ ನೆರೆಯವರನ್ನು ಮೂರನೆಯ ಪಾಲಿನಲ್ಲಿ ಸೇರಿಸಲು ಶಾಸ್ತ್ರಕಾರರು ಒಪ್ಪಿಯಾರೋ ಇಲ್ಲವೋ, ನಾನಂತೂ ಸೇರಿಸುವೆನು. ಹುಡುಗನ ಮೇಲೆ ಹೆಚ್ಚು ಭಾರ ಹೊರಿಸಲು ಮನಸ್ಸೊಪ್ಪದು: ಎಚ್ಚರದಿಂದಿರುವುದಕ್ಕೂ ಒಂದಿಷ್ಟು ಬಿಡುವು, ಒಂದಿಷ್ಟು ಹಣ, ಒಲ್ಲೆನೆನ್ನುವ ಸ್ವಾತಂತ್ರ್ಯ ಬೇಕು; ಇವೆಲ್ಲ ಇದ್ದವನ ಪ್ರಮಾದವೇ ಹಿರಿದು. ಪೂರ್ವಕರ್ಮದ ವಾದವೂ ಯಜಮಾನನನ್ನು ಉಳಿಸದು. ಸತ್ತವನು ತನ್ನ ಕರ್ಮಫಲವನ್ನೇ ಉಂಡನೆಂದು ಇಟ್ಟುಕೊಂಡರೂ, ಅದನ್ನು ಉಣಬಡಿಸಿದ ಉಪೇಕ್ಷೆಯು ಯಜಮಾನನ ಇಂದಿನ ಲೆಕ್ಕಕ್ಕೆ ಸೇರದಿರುವುದು ಹೇಗೆ?

ಇನ್ನೊಂದು ತೊಡಕುಂಟು. ಈಗ ಪೇಟೆಯಲ್ಲಿ ಆರ್‌ಸಿಸಿಬಿ ಎಂಬ ಸಾಧನ ದೊರೆಯುತ್ತದೆ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರಿನ ಅಂತರ ಬಿದ್ದರೆ, ಎಂದರೆ ಅಷ್ಟು ಪ್ರವಾಹವು ಮನುಷ್ಯನ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕಿಳಿಯಿತೆಂದರೆ, ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿದುಬಿಡುತ್ತದೆ. ಜಾಗರೂಕತೆಯನ್ನು ಯಂತ್ರಕ್ಕೊಪ್ಪಿಸಿದವನು ಅಪ್ರಮತ್ತನೆನಿಸುವನೆ? ತನ್ನ ಮರೆವನ್ನು ಮುಂಚಿತವಾಗಿಯೇ ಬಲ್ಲವನು ಅದಕ್ಕೆ ಪ್ರತಿವಿಧಾನ ಮಾಡಿಕೊಂಡನಾದುದರಿಂದ, ಅರ್ಧ ಹೌದೆನ್ನಬಹುದು. ಆದರೆ ಆ ಸಾಧನವೂ ಕೆಡತಕ್ಕದ್ದೇ ಆದ ಕಾರಣ, ಆಗಾಗ ಒತ್ತಿ ಪರೀಕ್ಷಿಸಲೆಂದು ಅದರ ಮೇಲೊಂದು ಗುಂಡಿಯನ್ನಿಟ್ಟಿರುತ್ತಾರೆ. ಒತ್ತಿದಾಗ ಕರೆಂಟು ಹೋಗಬೇಕು, ಹೋಗದಿದ್ದರೆ ಸಾಧನವನ್ನು ಬದಲಿಸಬೇಕು. ಇದನ್ನು ಹಾಕಿಸಿಕೊಂಡವರನ್ನು ವಿಚಾರಿಸಿದಾಗ, ಆ ಗುಂಡಿ ಯಾತಕ್ಕಿದೆಯೆಂದು ನನ್ನನ್ನೇ ತಿರುಗಿ ಕೇಳಿದವರು ಹೆಚ್ಚು.