ಸಹಿ ಯಾರದು?

ಕಂಡರಿಯದವನ ಮಾತನ್ನು ನಂಬಬಹುದೇ, ನಂಬುವುದಾದರೆ ಯಾವ ಆಧಾರದ ಮೇಲೆ? ನಮ್ಮ ದಾರ್ಶನಿಕರು ಇದರ ಮೇಲೆ ಶತಮಾನಗಟ್ಟಲೆ ಜಗಳವಾಡಿದ್ದಾರೆ. ಅವರಿಗೆ ಅದು ಹೆಚ್ಚಾಗಿ ವೇದದ ಪ್ರಶ್ನೆ. ಕ್ಯಾಸಲ್‌ರಾಕಿನ ನಮ್ಮ ಮನೆಗೆ ಅದು ನನ್ನ ತಂಗಿಯ ಮಗನ ಹೊಟ್ಟೆಪಾಡಿನ ಪ್ರಶ್ನೆಯಾಗಿ ಬಂತು.

ಅವನು ವೆಬ್‌ಸೈಟ್ ಕಟ್ಟುವವನು. ಹುಬ್ಬಳ್ಳಿಯಲ್ಲಿ ಓದಿ, ಬೆಂಗಳೂರಿನ ಬಾಡಿಗೆಗೆ ಬೇಸತ್ತು ಊರಿಗೆ ಮರಳಿದ. ಸಿಗ್ನಲ್ಲು ಸರಿಯಿದ್ದರೆ ಇಲ್ಲೇ ಕೆಲಸ, ಕೈಕೊಟ್ಟರೆ ಲೋಂಡಾಕ್ಕೆ ಓಟ. ಗಿರಾಕಿ ಹುಡುಕಲು ಅವನು ಹೆಸರು ಹಚ್ಚಿದ್ದು ಒಂದು ಆನ್‌ಲೈನ್ ಡೈರೆಕ್ಟರಿಯಲ್ಲಿ. ಅಲ್ಲಿ ಆ್ಯಪ್, ಸರ್ವರ್, ವೆಬ್‌ಸೈಟ್ ಕೆಲಸ ಬಲ್ಲವರ ಪಟ್ಟಿ ಒಂದು ಕಡೆ, ಮಾಡಿಸಿಕೊಳ್ಳುವವರು ಇನ್ನೊಂದು ಕಡೆ, ನಡುವೆ ನಕ್ಷತ್ರಗಳು. ತಿಂಗಳುಗಟ್ಟಲೆ ಒಬ್ಬರೂ ಕರೆಯಲಿಲ್ಲ. ‘ಮಾಮಾ, ರಿವ್ಯೂ ಇಲ್ದೆ ಕೆಲಸ ಕೊಡೂದಿಲ್ಲ, ಕೆಲಸ ಇಲ್ದೆ ರಿವ್ಯೂ ಬರೂದಿಲ್ಲ’ ಎಂದ. ಇದಕ್ಕೆ ತರ್ಕದಲ್ಲಿ ಅನ್ಯೋನ್ಯಾಶ್ರಯ ದೋಷ ಅಂತಾರೆ ಎಂದೆ. ‘ಹೆಸರಿಟ್ಟಾರ ಅಂದ್ರ ಔಷಧನೂ ಹೇಳಿರಬೇಕಲ್ಲ?’ ಎಂದು ಕೇಳಿದ.

ನಾನು ಪಂಡಿತನಲ್ಲ. ರೈಲ್ವೆಯಲ್ಲಿ ಟಿಎಕ್ಸ್‌ಆರ್, ಅಂದರೆ ಗಾಡಿ ಪರೀಕ್ಷಿಸುವವನಾಗಿ ದುಡಿದು ನಿವೃತ್ತನಾದವನು. ಗಾಡಿ ಬಾರದ ರಾತ್ರಿ ಪಾಳಿಗಳಲ್ಲಿ ಅನ್ನಂಭಟ್ಟನ ತರ್ಕಸಂಗ್ರಹ ಓದುವ ಚಟ ಹತ್ತಿತ್ತು, ಅಷ್ಟೇ. ನೈಯಾಯಿಕರು ಜ್ಞಾನಕ್ಕೆ ನಾಲ್ಕು ದಾರಿ ಒಪ್ಪುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ ಆಪ್ತ ಎಂದರೆ ನೆಂಟನಲ್ಲ. ವಿಷಯವನ್ನು ತಾನೇ ಕಂಡಿರಬೇಕು, ಕಂಡಂತೆ ತಿಳಿಸುವ ಇಚ್ಛೆ ಇರಬೇಕು, ಆ ಇಚ್ಛೆಯಿಂದಲೇ ಮಾತಾಡಿರಬೇಕು. ಈ ಮೂರು ಇದ್ದರೆ ಅವನ ಮಾತು ನನ್ನ ಕಣ್ಣಿನಷ್ಟೇ ಪ್ರಮಾಣ.

ನನಗೆ ಇದು ಪುಸ್ತಕಕ್ಕಿಂತ ಮೊದಲು ಯಾರ್ಡಿನಲ್ಲಿ ಅರ್ಥವಾಯಿತು. ಕ್ಯಾಸಲ್‌ರಾಕಿನಿಂದ ಗೋವೆಯ ಕುಳೇಂವರೆಗೆ ಸುಮಾರು 26 ಕಿಲೋಮೀಟರ್ ಘಾಟಿ. 37 ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ರೈಲಿನ ಮಟ್ಟಿಗೆ ಇದು ಭಯಂಕರ ಇಳುಕಲು. ಏರುವ ಗಾಡಿಗೆ ಹಿಂದಿನಿಂದ ದೂಡಲು ಬೇರೆ ಎಂಜಿನ್ ಬೇಕು, ಇಳಿಯುವ ಗಾಡಿಗೆ ಬ್ರೇಕ್ ಒಂದೇ ದೇವರು. ಪರೀಕ್ಷೆ ಹೀಗೆ: ಡ್ರೈವರ್ ಬ್ರೇಕ್ ಹಾಕುತ್ತಾನೆ. ನಾವು ಎಂಜಿನ್ನಿನಿಂದ ಗಾರ್ಡಿನ ಡಬ್ಬಿಯವರೆಗೆ ನಡೆಯುತ್ತೇವೆ. ಒಂದೊಂದು ವ್ಯಾಗನ್ನಿನ ಬದಿಯಲ್ಲೂ ಬಗ್ಗಿ, ಸಿಲಿಂಡರಿನ ಪಿಸ್ಟನ್ ಹೊರಗೆ ಬಂದಿದೆಯೇ, ಬ್ರೇಕ್ ಬ್ಲಾಕು ಚಕ್ರವನ್ನು ಕಚ್ಚಿದೆಯೇ ನೋಡಬೇಕು. ಬಿಡಿಸಿದ ಮೇಲೆ ಪಿಸ್ಟನ್ ಒಳಗೆ ಸರಿಯಿತೇ ಎಂದು ಮತ್ತೊಮ್ಮೆ. ಆಷಾಢದ ಮಳೆಯಲ್ಲಿ ಟಾರ್ಚಿನ ಬೆಳಕು ನಾಲ್ಕು ಅಡಿ ದಾಟುವುದಿಲ್ಲ. ಬಗ್ಗಿದಾಗ ರೇನ್‌ಕೋಟಿನ ಕಾಲರಿನಿಂದ ನೀರು ಬೆನ್ನಿಗೇ ಇಳಿಯುತ್ತದೆ. ಬಗ್ಗದೆ ಮುಂದೆ ಹೋಗುವ ಆಸೆ ಎಲ್ಲರಿಗೂ ಆಗುತ್ತದೆ.

ಗಾಡಿಯ ಜೊತೆ ಬ್ರೇಕ್ ಪವರ್ ಸರ್ಟಿಫಿಕೇಟ್ ಎಂಬ ಕಾಗದ ಹೋಗುತ್ತದೆ. ಬ್ರೇಕಿನ ಶಕ್ತಿ ಪ್ರತಿಶತ ಎಷ್ಟು, ಎಂಜಿನ್ನಿನಲ್ಲಿ ಒತ್ತಡ ಎಷ್ಟು, ಗಾರ್ಡಿನ ಡಬ್ಬಿಯಲ್ಲಿ ಎಷ್ಟು, ಎಲ್ಲ ಬರೆದು ಪರೀಕ್ಷಿಸಿದವನು ಸಹಿ ಮಾಡುತ್ತಾನೆ. ಡ್ರೈವರನೂ ಗಾರ್ಡೂ ಸಹಿ ಹಾಕುತ್ತಾರೆ. ಡ್ರೈವರನಿಗೆ ನನ್ನ ಮುಖ, ಜಾತಿ, ಊರು ಯಾವುದೂ ಗೊತ್ತಿರಬೇಕಿಲ್ಲ. ಅವನು ಆ ಕಾಗದ ನಂಬಿ ದೂಧ್‌ಸಾಗರದ ಸೇತುವೆಯ ಮೇಲೆ ಗಾಡಿ ಇಳಿಸುತ್ತಾನೆ. ಹೆಚ್ಚುಕಡಿಮೆಯಾದರೆ ವಿಚಾರಣೆಯಲ್ಲಿ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ವಾತ್ಸ್ಯಾಯನನ ಮೂರು ಲಕ್ಷಣಕ್ಕೆ ರೈಲ್ವೆ ನಾಲ್ಕನೆಯದನ್ನು ಸೇರಿಸಿದೆ ಎಂದು ನನ್ನ ಅಭಿಪ್ರಾಯ: ಹೇಳಿದವನು ನಾಳೆ ಕೈಗೆ ಸಿಗಬೇಕು.

ಈಗ ಆ ನಕ್ಷತ್ರಗಳನ್ನು ನೋಡಿ. ಒಂದು ಕಂಪನಿಯ ಎದುರು 4.8 ಎಂದಿರುತ್ತದೆ. ಯಾರು ಹೇಳಿದ್ದು? ಏನನ್ನು ಕಂಡು? ಆ ಅಂಕಿ ಯಾರ ಬಾಯಿಂದಲೂ ಬಂದ ಮಾತಲ್ಲ, ನೂರಾರು ಬಾಯಿಗಳ ಸರಾಸರಿ. ಸರಾಸರಿಗೆ ಇಚ್ಛೆಯೂ ಇಲ್ಲ, ಸಹಿಯೂ ಇಲ್ಲ. ಅದು ಶಬ್ದಪ್ರಮಾಣವೇ ಅಲ್ಲ. ಬಹಳವಾದರೆ ಅನುಮಾನ, ಅದೂ ಹೊಗೆ ಕಂಡು ಬೆಂಕಿ ಎನ್ನುವಷ್ಟು ಗಟ್ಟಿಯಲ್ಲ.

ಈ ವಾದವನ್ನು ಬೌದ್ಧರು ಇನ್ನೂ ಹರಿತವಾಗಿ ಮಾಡುತ್ತಾರೆ. ಅದಕ್ಕೆ ಹಳೆಯ ನಳಂದಾಕ್ಕೆ ಹೋಗಬೇಕಿಲ್ಲ, ನಮ್ಮ ಜಿಲ್ಲೆಯ ಮುಂಡಗೋಡ ಸಾಕು. ಅಲ್ಲಿಯ ಟಿಬೆಟನ್ ಕಾಲನಿಯ ಡ್ರೆಪುಂಗ್, ಗಾಂದೆನ್ ವಿಹಾರಗಳ ಅಂಗಳದಲ್ಲಿ ಸಂಜೆ ಹೊತ್ತು ಭಿಕ್ಷುಗಳು ವಾದಕ್ಕೆ ನಿಲ್ಲುತ್ತಾರೆ. ಒಬ್ಬ ಕೂತಿರುತ್ತಾನೆ, ಎದುರಿಗೆ ನಿಂತವನು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಮುಖದ ಹತ್ತಿರವೇ ಚಪ್ಪಾಳೆ ಹೊಡೆಯುತ್ತಾನೆ. ಅವರು ವರ್ಷಗಟ್ಟಲೆ ಓದುವ ಗ್ರಂಥಗಳಲ್ಲಿ ಧರ್ಮಕೀರ್ತಿಯ ಪ್ರಮಾಣವಾರ್ತಿಕ ಒಂದು. ದಿಙ್ನಾಗ, ಧರ್ಮಕೀರ್ತಿ ಇಬ್ಬರಿಗೂ ಪ್ರಮಾಣಗಳು ಎರಡೇ, ಪ್ರತ್ಯಕ್ಷ ಮತ್ತು ಅನುಮಾನ. ಮಾತಿನಿಂದ ತಿಳಿಯುವುದು ವಸ್ತುವಲ್ಲ, ಮಾತಾಡಿದವನು ಏನು ಹೇಳಬಯಸಿದ ಎಂಬುದಷ್ಟೇ ಎನ್ನುತ್ತಾನೆ ಧರ್ಮಕೀರ್ತಿ. ಐದು ನಕ್ಷತ್ರದಿಂದಲೂ ತಿಳಿಯುವುದು ಅಷ್ಟೇ: ಯಾರೋ ಐದು ಒತ್ತಲು ಬಯಸಿದರು.

ಇಷ್ಟು ಹೇಳಿ ಡೈರೆಕ್ಟರಿಯನ್ನು ಹಳಿದು ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುವುದು ಸುಲಭ. ನಾನು ಹಾಗೆನ್ನಲಾರೆ. ನಮ್ಮ ಕಾಲದಲ್ಲಿ ಏನಿತ್ತು? ‘ಅವ ನಮ್ಮವ’ ಎಂಬ ಶಿಫಾರಸು. 1961ರವರೆಗೆ ನಮ್ಮೂರು ಗಡಿ ಠಾಣೆ. ಇಲ್ಲಿ ಒಂದು ಸುಂಕದ ಕಟ್ಟೆ, ಕುಳೇಂನಲ್ಲಿ ಪೋರ್ಚುಗೀಸರದು ಇನ್ನೊಂದು. ಆ ಕಟ್ಟೆ ಹೋದರೂ ಮನಸ್ಸಿನೊಳಗಿನ ಕಟ್ಟೆ ಹೋಗಲಿಲ್ಲ. ಕೊಂಕಣಿಯವರು ಕೊಂಕಣಿಯವರಿಗೆ, ಮರಾಠಿಯವರು ಮರಾಠಿಯವರಿಗೆ, ರೈಲ್ವೆ ಕ್ವಾರ್ಟರ್ಸಿನವರು ತಮ್ಮವರಿಗೆ ಖಾತ್ರಿ ಕೊಡುತ್ತಿದ್ದರು. ಕಾಡಿನೊಳಗಿನ ಕುಣಬಿಗೆ, ಗೌಳಿಗೆ ಖಾತ್ರಿ ಕೊಡುವವರು ಯಾರು? ಕೆಲಸ ಎಷ್ಟೇ ಬರಲಿ, ಹೇಳುವವರಿಲ್ಲದೆ ಅವರು ಕೂಲಿಯಲ್ಲೇ ಉಳಿದರು.

ವಾತ್ಸ್ಯಾಯನ ಇಲ್ಲಿ ನನ್ನನ್ನು ಬೆರಗಾಗಿಸಿದ. ಆಪ್ತನ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ. ಯಾರೇ ಆಗಲಿ, ಕಂಡದ್ದನ್ನು ಕಂಡಂತೆ ಹೇಳಿದರೆ ಅವನ ಮಾತು ಪ್ರಮಾಣ. ನಮ್ಮ ಕೇರಿಗಳು ಈ ಮಾತನ್ನು ಎಂದೂ ಒಪ್ಪಲಿಲ್ಲ. ಡೈರೆಕ್ಟರಿ ಕನಿಷ್ಠ ತತ್ತ್ವದಲ್ಲಾದರೂ ಒಪ್ಪಿದೆ. ಕುಣಬಿ ಹುಡುಗಿಯ ಹೆಸರೂ ಬೆಂಗಳೂರಿನ ದೊಡ್ಡ ಕಂಪನಿಯ ಹೆಸರೂ ಅಲ್ಲಿ ಒಂದೇ ಪಟ್ಟಿಯಲ್ಲಿ ಬರುತ್ತವೆ.

ಕರ್ನಾಟಕದಲ್ಲೇ ಈ ಪ್ರಯೋಗ ನಡೆದಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿದ್ದ ಶಾನ್ ಬ್ಲಾಗ್ಸ್‌ವೆಟ್ 2007ರಲ್ಲಿ ಬಾಬಾಜಾಬ್ ಶುರುಮಾಡಿದರು. ಬಡತನದಿಂದ ಹೊರಬಂದವರ ಬಗ್ಗೆ ಅನಿರುದ್ಧ ಕೃಷ್ಣ ಮಾಡಿದ ಅಧ್ಯಯನ ಅವರಿಗೆ ಪ್ರೇರಣೆ: ನಗರದಲ್ಲಿ ಪರಿಚಿತರಿದ್ದವರಿಗೇ ಕೆಲಸ ಸಿಗುತ್ತದೆ ಎಂಬುದು ಅದರಲ್ಲಿ ಕಂಡಿತ್ತು. ಹಾಗಾದರೆ ಪರಿಚಯದ ಜಾಲವನ್ನೇ ಅಡುಗೆಯವರಿಗೆ, ಡ್ರೈವರುಗಳಿಗೆ, ಮನೆಗೆಲಸದವರಿಗೆ ಕಟ್ಟಿಕೊಡೋಣ ಎಂಬುದು ಯೋಚನೆ. 2017ರಲ್ಲಿ ಅದನ್ನು ಕ್ವಿಕರ್ ಕೊಂಡಿತು. ಆ ಯೋಚನೆಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಪರವಾಗಿ ನಿಲ್ಲುವುದು ಇತ್ತು. ಈಗಿನ ಪಟ್ಟಿಗಳಲ್ಲಿ ನಾನು ಹುಡುಕುವುದು ಅದನ್ನೇ.

ಅಳಿಯನ ಸಮಸ್ಯೆ ಬಗೆಹರಿದದ್ದು ಮೀಮಾಂಸಕರ ದಾರಿಯಲ್ಲಿ. ಜ್ಞಾನ ಸರಿಯೆಂದು ಹೊರಗಿನ ಸಾಕ್ಷಿಯಿಂದ ಸಿದ್ಧವಾಗಬೇಕು ಎಂದು ನೈಯಾಯಿಕರು; ಆ ಸಾಕ್ಷಿಗೆ ಸಾಕ್ಷಿ ಯಾರು, ಅದಕ್ಕೆ ಮುಗಿವೆಲ್ಲಿ ಎಂದು ಕುಮಾರಿಲಭಟ್ಟ. ದೋಷ ಕಾಣುವವರೆಗೆ ನಂಬು, ಕಂಡರೆ ಬಿಡು, ಇದು ಕುಮಾರಿಲನ ನಿಲುವು. ಕೊಲ್ಹಾಪುರದ ಪಂಪ್‌ಸೆಟ್ ವ್ಯಾಪಾರಿಯೊಬ್ಬ, ಕುಮಾರಿಲನ ಹೆಸರೂ ಕೇಳಿರದವನು, ಹಾಗೆಯೇ ಮಾಡಿದ. ಸಣ್ಣ ಕೆಲಸ ಕೊಟ್ಟ, ಮುಂಗಡ ಸ್ವಲ್ಪವೇ ಕೊಟ್ಟ. ಕೆಲಸ ಮುಗಿದ ಮೇಲೆ ನಾಲ್ಕು ನಕ್ಷತ್ರ ಒತ್ತಿ, ತನ್ನ ಹೆಸರು, ಅಂಗಡಿಯ ಹೆಸರು ಹಾಕಿ ಬರೆದ: ಕೆಲಸ ತಡವಾಯಿತು, ತಡವಾಗುತ್ತದೆಂದು ಹುಡುಗ ಮೊದಲೇ ತಿಳಿಸಿದ, ಬಿಲ್ಲಿನಲ್ಲಿ ಮರಾಠಿ ಅಕ್ಷರ ಒಡೆಯುತ್ತಿತ್ತು, ದುಡ್ಡು ಕೇಳದೆ ತಿದ್ದಿಕೊಟ್ಟ. ಅಳಿಯನಿಗೆ ಒಂದು ನಕ್ಷತ್ರ ಹೋದ ದುಃಖ. ನನಗೆ ಅದು ಥೇಟ್ ಸರ್ಟಿಫಿಕೇಟಿನ ಹಾಗೆ ಕಂಡಿತು. ಮುಂದೆ ಬಂದ ಗಿರಾಕಿ ಫೋನಿನಲ್ಲಿ ಮೊದಲು ಎತ್ತಿದ್ದು ಆ ಅಕ್ಷರ ತಿದ್ದಿದ ವಿಷಯವನ್ನೇ.

ಇದೇ ಹೊತ್ತಿಗೆ ದುಡ್ಡಿಗೆ ನಕ್ಷತ್ರ ಮಾರುವವನೊಬ್ಬ ಅವನಿಗೆ ಮೆಸೇಜು ಹಾಕಿದ್ದ. ಕೊಂಡ ವಿಮರ್ಶೆಯನ್ನು ಪ್ರಕಟಿಸಬಾರದು, ಬರೆದವರ ಗುರುತನ್ನು ಖಾತ್ರಿಪಡಿಸಿಕೊಳ್ಳಬೇಕು ಎಂದು ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000:2022 ಎಂಬ ಮಾನಕ ತಂದಿದೆ. ಒಳ್ಳೆಯದೇ. ಆದರೆ ಮಾನಕ ಸುಳ್ಳನ್ನು ತಡೆಯಬಹುದು, ಬಗ್ಗಿ ನೋಡುವ ಬೆನ್ನನ್ನು ಕೊಡಲಾರದು.

ಆ ಬೆನ್ನಿನ ಉದಾಹರಣೆ ಬೇಕಾದರೆ ಆಯ್ದಕ್ಕಿ ಲಕ್ಕಮ್ಮನ ಕತೆ ಇದೆ. ಚನ್ನಬಸವಣ್ಣನ ಸಮಾಧಿಯಿರುವ ಉಳವಿ ನಮ್ಮ ಜೋಯಿಡಾ ತಾಲ್ಲೂಕಿನದೇ. ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರು ಈ ಕತೆಯನ್ನು ಹೇಳುತ್ತಾರೆ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ವಾಪಸು ಕಳಿಸಿದಳು. ಸ್ವಂತ ಗಂಡನ ಕಾಯಕಕ್ಕೂ ಐದು ನಕ್ಷತ್ರ ಕೊಡದವಳು. ಅಂಥವರ ಮಾತಿಗೆ ಬೆಲೆ ಬರುವುದು ಅದಕ್ಕೇ.

ನಿಮ್ಮ ಅಂಗಡಿಗೆ ವೆಬ್‌ಸೈಟ್ ಕಟ್ಟಿಕೊಟ್ಟವಳಿದ್ದಾಳೆ, ಕಂಪ್ಯೂಟರ್ ಸರಿಪಡಿಸಿದವನಿದ್ದಾನೆ. ನಕ್ಷತ್ರ ಒತ್ತಿ ಎದ್ದುಹೋಗಬೇಡಿ. ಏನು ಮಾಡಿಸಿದಿರಿ, ಏನು ಕಂಡಿರಿ, ಎಲ್ಲಿ ಕೆಟ್ಟಿತು, ಹೇಗೆ ಸರಿಯಾಯಿತು ಎಂದು ನಾಲ್ಕು ಸಾಲು ಬರೆಯಿರಿ. ಕೆಳಗೆ ನಿಮ್ಮ ಪೂರ್ತಿ ಹೆಸರು ಹಾಕಿ.