ಜಡೆಯ ಗಂಟು, ವಿಜ್ಞಾನದ ಪಾಠ

ಕೂದಲು ಸತ್ತ ಕೋಶಗಳಿಂದಾದದ್ದು, ಅದರಲ್ಲಿರುವುದು ಕೆರಾಟಿನ್ ಎಂಬ ಪ್ರೋಟೀನು ಎಂದು ಮಕ್ಕಳು ಬಾಯಿಪಾಠ ಮಾಡಿ ಒಂದು ಅಂಕ ಗಳಿಸುತ್ತಾರೆ. ಆದರೆ ನಮ್ಮ ಸವದತ್ತಿಯ ಕಡೆ ಕೂದಲು ಒಂದು ಅಂಕದ ಮಾತಲ್ಲ. ಹುಡುಗಿಯ ತಲೆಯಲ್ಲಿ ಗಂಟು ಬಿದ್ದರೆ "ಜಡಿ ಬಂದೈತಿ, ಯಲ್ಲಮ್ಮ ಕರದಾಳ" ಎಂದು ಮುತ್ತು ಕಟ್ಟಿಬಿಡುತ್ತಿದ್ದ ಕಾಲವಿತ್ತು. ಎಣ್ಣೆ, ನೀರು, ಬಾಚಣಿಗೆ ಕಾಣದ ಕೂದಲು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಜಿಡ್ಡು, ಧೂಳು ಸೇರಿ ಬಿಗಿಯುತ್ತದೆ. ಅದರ ವಿಜ್ಞಾನ ಇಷ್ಟೇ. ಇಷ್ಟು ತಿಳಿಯದ್ದಕ್ಕೆ ಎಷ್ಟು ಹೆಣ್ಣುಮಕ್ಕಳು ಬಾಳು ತೆತ್ತರು!

ಕಾನೂನು ಇರಲಿಲ್ಲವೆಂದಲ್ಲ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ಪದ್ಧತಿಯ ವಿರುದ್ಧ ಒಂದು ಕಾನೂನು ಬಂತು. 1982ರಲ್ಲಿ ಕರ್ನಾಟಕದ್ದೇ ಇನ್ನೊಂದು ಬೇಕಾಯಿತು. ಮೊದಲನೆಯದು ಎಷ್ಟೋ ಮನೆಗಳ ಹೊಸ್ತಿಲು ದಾಟಲಿಲ್ಲವೆಂದೇ ಅರ್ಥ. ದಿನವೂ ಹೊಸ್ತಿಲು ದಾಟಿ ಒಳಗೆ ಬರುವುದು ಶಾಲೆಗೆ ಹೋದ ಮಗು.

ಆದರೆ ಗಂಟು ಬಿಡಿಸಿದರೆ ಸಾಕೆ? ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ಬಡ ದಲಿತರ ಮನೆಯವರೇ ಏಕೆ? ಗಂಡುಮಗನಿಲ್ಲದ ಮನೆಯ ಭಾರ ಅವಳ ತಲೆಗೇ ಏಕೆ ಬಂತು? ಅದರಿಂದ ಅನುಕೂಲವಾದದ್ದು ಯಾರಿಗೆ? ಇವು ಸಮಾಜ ಪಾಠದ ಪ್ರಶ್ನೆಗಳು ಎಂದು ವಿಜ್ಞಾನದ ಮಾಸ್ತರರು ಹೇಳಿಯಾರು. ನನಗೆ ಹಾಗನ್ನಿಸುವುದಿಲ್ಲ. ಕಾರಣ ಹುಡುಕುವುದೇ ವಿಜ್ಞಾನವಾದರೆ, ಅರ್ಧ ಕಾರಣ ಹೇಳಿ ನಿಲ್ಲುವುದು ಅರ್ಧ ವಿಜ್ಞಾನ. 1976ರ ತಿದ್ದುಪಡಿಯಲ್ಲಿ ನಮ್ಮ ಸಂವಿಧಾನವೂ ವೈಜ್ಞಾನಿಕ ಮನೋಭಾವದ ಜೊತೆಗೇ ಮಾನವೀಯತೆಯನ್ನೂ ಸುಧಾರಣೆಯನ್ನೂ ಸೇರಿಸಿ ನಾಗರಿಕರ ಕರ್ತವ್ಯವೆಂದಿತು.

"ಮಕ್ಕಳಿಗೆ ರಾಜಕೀಯ ಹಚ್ಚುತ್ತೀರಾ?" ಎಂಬ ಅಂಜಿಕೆ ಸುಳ್ಳಲ್ಲ. ಉತ್ತರವನ್ನು ಮೊದಲೇ ಬರೆದುಕೊಟ್ಟು ಘೋಷಣೆ ಕೂಗಿಸಿದರೆ ಅದೂ ಬಾಯಿಪಾಠವೇ. ಅದರ ಬದಲು ಮಕ್ಕಳು ತಾವೇ ಅಳೆಯಲಿ, ಎಣಿಸಲಿ. ಮಲಪ್ರಭೆಯ ನವಿಲುತೀರ್ಥ ಜಲಾಶಯ ನಮ್ಮ ಮಗ್ಗುಲಲ್ಲೇ ಇದೆ. ಯಾವ ಓಣಿಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಎಷ್ಟು ಕೊಡ ತುಂಬುತ್ತದೆ ಎಂದು ಬರೆದಿಟ್ಟು, ಆ ಲೆಕ್ಕವನ್ನು ಊರಿನ ಆಡಳಿತದ ಮುಂದಿಡಲಿ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮೂರಿನ ಸಮಸ್ಯೆಗಳನ್ನು ಹೀಗೆಯೇ ಅಭ್ಯಾಸ ಮಾಡುತ್ತಾರೆ. ಅದು ಆಯ್ದ ಕೆಲವರದಾಗದೆ ಪ್ರತಿ ತರಗತಿಯ ಪಾಠವಾಗಬೇಕು.

ಇದರಿಂದ ಭರತ ಹುಣ್ಣಿಮೆಗೆ ಗುಡ್ಡ ಹತ್ತುವ ತಾಯಿಯ ಭಕ್ತಿಗೆ ಕುಂದೇನೂ ಇಲ್ಲ. ಭಕ್ತಿ ತಾಯಿಯದು, ಬಾಳು ಮಗಳದು. ಒಬ್ಬರ ಹರಕೆಗೆ ಇನ್ನೊಬ್ಬರ ಬಾಳನ್ನು ಒಪ್ಪಿಸುವ ಹಕ್ಕು ಯಾರಿಗಿದೆ ಎಂದು ಕೇಳಲು ಕಲಿಸಿದ ಶಾಲೆ ದೇವರಿಗೆ ಅಪಚಾರ ಮಾಡಿದಂತಲ್ಲ. ನಾಳೆ ನಿಮ್ಮ ಮಗಳು ಅಡುಗೆಮನೆಗೆ ಬಂದು "ಹೀಗ್ಯಾಕವ್ವಾ?" ಎಂದರೆ, "ಸುಮ್ನ ಓದ್ಕೊ ಹೋಗ" ಅನ್ನಬೇಡಿ. ಅವಳು ಓದುತ್ತಿರುವುದೂ ಅದನ್ನೇ.