ಸಾಕ್ಷಿಯ ಮುಂದೆ ಮರೆಯುಂಟೆ?

ದುಃಖ ಬಂದಾಗ ಎಲ್ಲವೂ ಹರಿಚಿತ್ತವೆಂದು ಕಣ್ಣೀರನ್ನು ನುಂಗಿಕೊಳ್ಳುವುದೇ ಭಕ್ತಿಯೆಂಬ ಭಾವನೆ ಅನೇಕ ಆಸ್ತಿಕರಲ್ಲಿದೆ. ಅದು ಸಿದ್ಧಾಂತಕ್ಕೆ ಒಪ್ಪುವುದಿಲ್ಲ. ಶ್ರೀಮದಾಚಾರ್ಯರ ಮತದಲ್ಲಿ ಸುಖದುಃಖಗಳನ್ನು ನೇರವಾಗಿ ಅರಿಯುವುದು ಸಾಕ್ಷಿ; ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪದು. ಆದುದರಿಂದ ಅನುಭವಕ್ಕೆ ಬಂದ ದುಃಖ ಸತ್ಯವೇ. ‘ನನಗಿನ್ನಾರೂ ಗತಿಯಿಲ್ಲ’ ಎಂದು ಅದರ ಮೇಲೆ ಮನಸ್ಸು ಕಟ್ಟುವ ತೀರ್ಮಾನವನ್ನು ಮಾತ್ರ ಪರೀಕ್ಷಿಸಬೇಕು.

ಅರ್ಜುನನನ್ನು ನೋಡಿರಿ. ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಬಾಯಿ ಒಣಗಿದ್ದು, ಮೈ ನಡುಗಿದ್ದು, ಗಾಂಡೀವ ಜಾರಿದ್ದು ಒಂದನ್ನೂ ಮರೆಮಾಚದೆ ಹೇಳಿಕೊಂಡನು. ಆ ನೋವು ನಿಜ. ಯುದ್ಧವನ್ನು ಬಿಡುವುದೇ ಲೇಸೆಂದದ್ದು ಮನಸ್ಸಿನ ಮೋಹ. ಶ್ರೀಕೃಷ್ಣನು ಮೊದಲು ಗದರಿಸಿದನಾದರೂ, ಅರ್ಜುನನು ದಿಕ್ಕು ತೋಚದೆ ಶಿಷ್ಯನಾಗಿ ಶರಣಾದ ಮೇಲೆಯೇ ಉಪದೇಶ ಮೊದಲಾಯಿತು. ಒಳಗಿದ್ದು ಎಲ್ಲವನ್ನೂ ಬಲ್ಲ ಭಗವಂತನ ಮುಂದೆ ನಾವೇಕೆ ನಗುಮುಖ ನಟಿಸಬೇಕು? ನಿದ್ರೆಗೆಟ್ಟ ರಾತ್ರಿಗಳು ಮುಂದುವರಿದರೆ ವೈದ್ಯರಲ್ಲಿಯೂ ಹೇಳಿಕೊಳ್ಳಬೇಕು. ಧನ್ವಂತರಿಯೂ ಅವನ ರೂಪವೇ ಅಲ್ಲವೆ!